ದಿವಂಗತರ ಟಿ.ಸಿ. ಅರ್ಜಿ

ನನ್ನ ಸರ್ಕಾರಿ ಸೇವೆಯಲ್ಲಿ ನಾನು ಒಬ್ಬನೇ ಒಬ್ಬ ಮನುಷ್ಯನನ್ನು ಕೊಂದಿದ್ದೇನೆ. ಅದಕ್ಕೆ ಬಳಸಿದ್ದು ಇಲಾಖೆಯೇ ಒದಗಿಸಿದ ಮರದ ಹಿಡಿಯ ನಿಬ್ಬು ಮತ್ತು ನೀಲಿ ಶಾಯಿ. ಕೃತ್ಯ ನಡೆದದ್ದು ಜೂನ್ ತಿಂಗಳ ಒಂದು ಬೆಳಿಗ್ಗೆ ಹನ್ನೊಂದು ಗಂಟೆಗೆ, ಗುಬ್ಬಿ ಕಡೆಯ ಒಂದು ಹೈಸ್ಕೂಲಿನ ಆಫೀಸು ಕೋಣೆಯಲ್ಲಿ, ಜವಾನನ ಸಮಕ್ಷಮ. ಸತ್ತವರ ಹೆಂಡತಿ ಎದುರಿಗೇ ನಿಂತಿದ್ದರು. ಬೇಡ ಅಂದವರೂ ಅವರೊಬ್ಬರೇ.

ಎಪ್ಪತ್ತರ ದಶಕದ ನಡುಭಾಗ. ನಾನು ಗಣಿತದ ಮೇಷ್ಟ್ರು. ಅಕ್ಷರ ದುಂಡಗಿದೆ ಎಂಬ ಏಕೈಕ ಅಪರಾಧಕ್ಕಾಗಿ ಪ್ರತಿವರ್ಷ ದಾಖಲಾತಿ ರಿಜಿಸ್ಟರು ಬರೆಯುವ ಶಿಕ್ಷೆ ನನಗೇ ಬೀಳುತ್ತಿತ್ತು. ಕೆಂಪು ಬಟ್ಟೆಯ ರಟ್ಟು ಹಾಕಿದ, ಬಿಚ್ಚಿದರೆ ಮೇಜನ್ನೆಲ್ಲ ಆಕ್ರಮಿಸುವ ಗ್ರಂಥ ಅದು. ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಪೋಷಕರ ಹೆಸರು ಮತ್ತು ವಿಳಾಸ, ಹುಟ್ಟಿದ ತಾರೀಕು, ಜಾತಿ, ಹಿಂದೆ ಓದಿದ ಶಾಲೆ, ಸಿಡುಬಿನ ಲಸಿಕೆ ಹಾಕಿಸಿದೆಯೇ, ಹೀಗೆ ಸಾಗಿ ಕೊನೆಗೆ ಷರಾ. ಹೇಳಬೇಕಾದ್ದು ಬೇರೆಲ್ಲೂ ಹಿಡಿಸದಿದ್ದರೆ ಷರಾ ಕಾಲಂನಲ್ಲಿ ಬರೆಯಬೇಕು; ನಾನು ನೋಡಿದ ಮಟ್ಟಿಗೆ ಅದು ಯಾವಾಗಲೂ ಖಾಲಿ. ಪೋಷಕರ ಕಾಲಂನಲ್ಲಿ ‘ತಂದೆಯೇ’ ಎಂದು ಬರೆದು ಮುಂದಕ್ಕೆ ಹೋಗುವುದು ರೂಢಿ. ತಾಯಿಯ ಹೆಸರಿಗೆ ಕಾಲಂ ಇರಲಿಲ್ಲ. ಇಲ್ಲವಲ್ಲ ಎಂದು ನನಗೂ ಅನ್ನಿಸಿರಲಿಲ್ಲ. ಸಿಡುಬಿಗೆ ಇತ್ತು.

ಆಕೆ ಬಂದದ್ದು ಮಗಳನ್ನು ಎಂಟನೇ ಕ್ಲಾಸಿಗೆ ಸೇರಿಸಲು. ಪುರಿ ಭಟ್ಟಿಯಲ್ಲಿ ಕೆಲಸ. ಕಾದ ಮರಳಲ್ಲಿ ಅಕ್ಕಿ ಹುರಿದೂ ಹುರಿದೂ ಮೊಣಕೈವರೆಗೆ ಸಾಸಿವೆ ಎರಚಿದ ಹಾಗೆ ಸುಟ್ಟ ಚುಕ್ಕೆಗಳು. ಹಣೆಯ ಮೇಲೆ ಕಾಸಗಲ ಕುಂಕುಮ.

“ಅರ್ಜೀಲಿ ತಂದೆ ಸಹಿ ಇಲ್ವಲ್ಲಮ್ಮಾ?” ಅಂದೆ.

“ಅವ್ರು ಬರಕ್ಕಿಲ್ಲ ಸ್ವಾಮಿ.”

“ಯಾಕೆ? ಯಾವೂರಲ್ಲಿದಾರೆ?”

ಆಕೆ ಜವಾನನ ಕಡೆ ನೋಡಿದರು. ಜವಾನ ಗಂಟೆ ಹೊಡೆಯುವ ಕೊಡತಿಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ. ಆಕೆ ದನಿ ಇಳಿಸಿದರು. “ಕುಣಿಗಲ್ ಕಡೆ ಅವ್ರೆ. ಆರು ವರ್ಷ ಆಯ್ತು. ಅಲ್ಲಿ ಇನ್ನೊಂದು ಸಂಸಾರ ಐತೆ. ನನ್ನೆಸ್ರೇ ಬರ್ಕಳಿ ಸ್ವಾಮಿ. ಮಗೀನ ಸಾಕ್ತಿರೋಳು ನಾನೇ ಅಲ್ವಾ?”

ನಾನು ನಿಯಮವನ್ನು ಮಂತ್ರದಂತೆ ಹೇಳಿದೆ. ತಂದೆ ಇದ್ದರೆ ತಂದೆ ಸಹಿ ಮಾಡಬೇಕು. ತಂದೆ ತೀರಿಕೊಂಡಿದ್ದರೆ ತಾಯಿ ಪೋಷಕಿಯಾಗಿ ಸಹಿ ಮಾಡಬಹುದು. ಬದುಕಿದ್ದೂ ಇಲ್ಲದ ತಂದೆಗೆ ನಮ್ಮಲ್ಲಿ ವ್ಯವಸ್ಥೆ ಇಲ್ಲ. ಆಕೆ ಬಾಗಿಲಾಚೆ ನಿಂತಿದ್ದ ಮಗಳನ್ನೊಮ್ಮೆ, ನನ್ನ ಪುಸ್ತಕವನ್ನೊಮ್ಮೆ ನೋಡಿದರು. ಆಗ ನನಗೆ ದಯೆ ಬಂತು. ಮೇಷ್ಟ್ರುಗಳಿಗೆ ದಯೆ ಬಂದಾಗಲೇ ಅನಾಹುತಗಳಾಗುವುದು. ತಂದೆಯ ಹೆಸರು ಬರೆದು, ಅದರ ಹಿಂದೆ ‘ದಿ’ ಹಾಕಿ ಎರಡು ಗೀಟು ಎಳೆದೆ. ದಿವಂಗತ. ಆಗ ಎಲ್ಲವೂ ಸಲೀಸಾಯಿತು.

ಆಕೆಗೆ ಆ ಎರಡು ಗೀಟಿನ ಅರ್ಥ ಗೊತ್ತಿತ್ತು. “ಅಯ್ಯೋ, ಬದುಕಿರೋರ್ನ ಸಾಯ್ಸಬ್ಯಾಡಿ ಸ್ವಾಮಿ. ಹಣೇಲಿ ಕುಂಕುಮ ಇಟ್ಕಂಡಿದೀನಿ.”

“ಪುಸ್ತಕದಲ್ಲಿ ಮಾತ್ರ ಕಣಮ್ಮಾ. ಯಾರು ನೋಡ್ತಾರೆ?”

“ಪುಸ್ತಕದಾಗೆ ಸತ್ರೆ ತಿಥಿಗಿತಿ ಏನೂ ಬ್ಯಾಡ, ಬುಡವ್ವ,” ಎಂದು ಜವಾನ ಧರ್ಮಶಾಸ್ತ್ರದ ಅಂಶವನ್ನು ಇತ್ಯರ್ಥ ಮಾಡಿದ.

ನನ್ನ ಪರವಾಗಿ ಹೇಳಿಕೊಳ್ಳುವುದು ಇಷ್ಟೇ. ಆ ಕಾಲದಲ್ಲಿ ಗಂಡ ಸತ್ತವಳ ಮಗಳೆಂದರೆ ಊರು “ಅಯ್ಯೋ ಪಾಪ” ಅನ್ನುತ್ತಿತ್ತು. ಗಂಡ ಬಿಟ್ಟವಳ ಮಗಳೆಂದರೆ “ಇವಳೇನು ಮಾಡಿದಳೋ” ಅನ್ನುತ್ತಿತ್ತು. ಸತ್ತ ಗಂಡನಿಗೆ ಮರ್ಯಾದೆ ಇತ್ತು, ಬಿಟ್ಟುಹೋದ ಗಂಡನಿಗೂ ಒಂಥರಾ ಮರ್ಯಾದೆ ಇತ್ತು. ಎರಡರಲ್ಲಿ ಹುಡುಗಿಗೆ ಹಗುರವಾದ್ದನ್ನು ಆರಿಸಿದೆನೆಂದು ನಾನು ಅಂದು ಮಧ್ಯಾಹ್ನ ಊಟವನ್ನು ಬಹಳ ತೃಪ್ತಿಯಿಂದ ಮಾಡಿದೆ.

ಎರಡು ವರ್ಷ ಯಾರೂ ನೋಡಲಿಲ್ಲ. ಹುಡುಗಿ ಹತ್ತನೇ ಕ್ಲಾಸಿಗೆ ಬಂದಳು. ಮಾತು ಕಡಿಮೆ, ಲೆಕ್ಕ ಚೆನ್ನಾಗಿ ಮಾಡುತ್ತಿದ್ದಳು. ಅದೇ ವರ್ಷ ಹೆಡ್‌ಮಾಸ್ಟರು ನಿವೃತ್ತರಾಗಿ, ಹೊಸಬರು ಬರುವವರೆಗೆ ಪ್ರಭಾರ ನನ್ನ ತಲೆಗೆ ಬಿತ್ತು. ಪ್ರಭಾರ ಅಂದರೆ ಕುರ್ಚಿ ಅದೇ, ಅಧಿಕಾರ ಅನುಮಾನ, ತಪ್ಪುಗಳು ಮಾತ್ರ ಪೂರ್ತಿ ನಮ್ಮವು.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನಾಮಿನಲ್ ರೋಲು ಕಳಿಸುವ ಕೆಲಸ ಶುರುವಾಗಿತ್ತು. ಪರೀಕ್ಷೆಗೆ ಕೂರುವವರ ಪಟ್ಟಿ ಅದು. ಹೆಸರು, ತಂದೆ ಹೆಸರು, ಹುಟ್ಟಿದ ತಾರೀಕು ಎಲ್ಲವನ್ನೂ ರಿಜಿಸ್ಟರಿನಿಂದ ಅಕ್ಷರಕ್ಕೆ ಅಕ್ಷರ ನಕಲು ಮಾಡಿ ಬೆಂಗಳೂರಿಗೆ ಕಳಿಸಬೇಕು. ಹನ್ನೊಂದನೇ ನಂಬರಿಗೆ ಬಂದಾಗ ನನ್ನದೇ ಅಕ್ಷರದ ‘ದಿ’ ನನ್ನನ್ನು ನೋಡಿತು. ನಾನು ಅದನ್ನು ನೋಡಿದೆ. ನಕಲು ಮಾಡಿದೆ.

ಅದೇ ವಾರ ಒಂದು ಕಾರ್ಡು ಬಂತು. ಯಾರದೋ ಕೈಲಿ ಬರೆಸಿದ ಅಚ್ಚುಕಟ್ಟಾದ ಅಕ್ಷರ. ಮ|| ರಾ|| ಮುಖ್ಯೋಪಾಧ್ಯಾಯರಿಗೆ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಶಾಲೆಯಲ್ಲಿ ಓದುತ್ತಿರುವ ನನ್ನ ಮಗಳು ಕ್ಷೇಮವೆಂದು ಭಾವಿಸುತ್ತೇನೆ. ಶೀಘ್ರದಲ್ಲೇ ಖುದ್ದಾಗಿ ಬಂದು ತಮ್ಮನ್ನು ಕಾಣುತ್ತೇನೆ. ಕೆಳಗೆ ಕುಣಿಗಲ್ ಕಡೆಯ ಒಂದು ಊರು, ಹೆಸರು. ನಾನು ಕೊಂದ ಹೆಸರು.

ದಿವಂಗತರಿಂದ ಪತ್ರ ಬಂದರೆ ಉತ್ತರಿಸುವ ವಿಧಾನ ಯಾವ ಕೈಪಿಡಿಯಲ್ಲೂ ಇಲ್ಲ. ಕಾರ್ಡನ್ನು ರಿಜಿಸ್ಟರಿನ ಅದೇ ಪುಟದಲ್ಲಿಟ್ಟು ಮುಚ್ಚಿ, ಮೇಲೆ ಭೂಗೋಳದ ಗುಂಡು ಇಟ್ಟೆ. ಅದು ಹಾರಿಹೋಗದಿರಲೆಂದೋ, ಎದ್ದು ಬರದಿರಲೆಂದೋ ನನಗೆ ಇವತ್ತಿಗೂ ಸ್ಪಷ್ಟವಿಲ್ಲ.

ಇನ್ನು ನನ್ನ ಎರಡನೇ ತಪ್ಪು. ನಾಮಿನಲ್ ರೋಲಿನಲ್ಲಿ ತಪ್ಪು ಹೋದರೆ ಮಾರ್ಕ್ಸ್ ಕಾರ್ಡಿನಲ್ಲಿ ತಪ್ಪು ಬರುತ್ತದೆ, ಆಮೇಲೆ ತಿದ್ದಿಸಲು ಜನ್ಮ ಸವೆಯುತ್ತದೆ. ಅದಕ್ಕೆ ಕರಡು ಪ್ರತಿಯನ್ನು ಒಂದು ವಾರ ವರಾಂಡದ ನೋಟೀಸ್ ಬೋರ್ಡಿನಲ್ಲಿ ಹಾಕುವ ಪದ್ಧತಿಯನ್ನು ನಾನೇ ತಂದಿದ್ದೆ. ಅಪ್ಪಂದಿರು ಸಂತೆಗೆ ಬಂದವರು ಹಾಗೇ ಬಂದು, ಬೆರಳಿಟ್ಟು ಓದಿ, ತಪ್ಪಿದ್ದರೆ ಹೇಳಿ ಹೋಗುತ್ತಿದ್ದರು. ಇದನ್ನು ನಾನು ನನ್ನ ಆಡಳಿತದ ಸಾಧನೆ ಎಂದು ತಿಳಿದಿದ್ದೆ.

ಮಧ್ಯಾಹ್ನದ ಊಟದ ಹೊತ್ತು. ಕಿಟಕಿಯಿಂದ ನೋಡಿದರೆ ಬೋರ್ಡಿನ ಮುಂದೆ ಒಬ್ಬರು ನಿಂತಿದ್ದಾರೆ. ಟೆರ್ಲಿನ್ ಶರಟು, ಇಸ್ತ್ರಿ ಮಾಡಿದ ಪಂಚೆ, ಮೋಡವೇ ಇಲ್ಲದ ದಿನ ಕಂಕುಳಲ್ಲಿ ಛತ್ರಿ. ಬೆರಳು ಮೇಲಿನಿಂದ ಒಂದೊಂದೇ ಹೆಸರು ಇಳಿದು ಬಂತು. ಹನ್ನೊಂದರಲ್ಲಿ ನಿಂತಿತು. ಅವರು ಕನ್ನಡಕ ತೆಗೆದು, ಪಂಚೆಯ ಚುಂಗಿನಿಂದ ಒರೆಸಿ, ಹಾಕಿಕೊಂಡು ಇನ್ನೊಮ್ಮೆ ಓದಿದರು. ಸಿಟ್ಟಿಲ್ಲ, ಗಾಬರಿಯಿಲ್ಲ. ಜೇಬಿನಿಂದ ಅಡಿಕೆ ತೆಗೆದು, ಕಡಿದು, ಬಾಯಿಗೆ ಹಾಕಿಕೊಂಡು, ನೆಟ್ಟಗೆ ನನ್ನ ಕಿಟಕಿಯ ಕಡೆ ತಿರುಗಿದರು.

“ನಮಸ್ಕಾರ ಮೇಷ್ಟ್ರೆ. ನಾನು ಹನ್ನೊಂದನೇ ನಂಬರ್ ಹುಡುಗಿ ತಂದೆ.” ಬಾಗಿಲಿಗೆ ಬಂದು, “ಬೋರ್ಡಲ್ಲಿ ಹಾಕಿದಿರಲ್ಲ, ಅವ್ನೇ.”

“ಕೂತ್ಕೊಳ್ಳಿ,” ಅಂದೆ.

ಕೂತರು. ಚೀಲದಿಂದ ಒಂದು ಚಿಪ್ಪು ಬಾಳೆಹಣ್ಣು ತೆಗೆದು ಮೇಜಿನ ಮೇಲಿಟ್ಟರು. “ನಮ್ ತೋಟದ್ದು. ಏಲಕ್ಕಿ ಬಾಳೆ. ನಾನು ಯಾವತ್ತು ಹೋದೆ ಮೇಷ್ಟ್ರೆ? ದಿನ ಗೊತ್ತಿದ್ರೆ ಹೇಳಿ, ಮನೇಲಿ ತಿಳಿಸ್ಬೇಕಲ್ಲ.”

ಜವಾನ ಬಾಗಿಲ ಹಿಂದಿನಿಂದ ಮರೆಯಾದ. ಅವರಿಗೆ ಬೇಕಾಗಿದ್ದು ಆ ತಾರೀಕಲ್ಲ. ಮಗಳ ಟಿ.ಸಿ. ಬೇಕು, ಕುಣಿಗಲ್ಲಲ್ಲಿ ಸೇರಿಸುತ್ತಾರಂತೆ.

“ಪರೀಕ್ಷೆಗೆ ಮೂರು ತಿಂಗಳಿದೆ. ಈಗ ಬಿಡಿಸಿದ್ರೆ ವರ್ಷ ಹೋಗುತ್ತೆ.”

“ಹೋಗ್ಲಿ ಬುಡಿ. ಹೆಣ್ಮಗ. ವರ್ಷ ಎಲ್ಲಿಗ್ ಹೋಗ್ತದೆ?” ಎದ್ದು ನಿಂತು ಛತ್ರಿ ಸರಿಮಾಡಿಕೊಂಡರು. “ಸೋಮವಾರ ಬರ್ತೀನಿ. ಟಿ.ಸಿ. ಕೊಡಿ, ನಾನು ಸತ್ತೇ ಇರ್ತೀನಿ. ನಿಮ್ಗೂ ತೊಂದ್ರೆ ಇಲ್ಲ, ನಂಗೂ ಇಲ್ಲ. ಕೊಡ್ಲಿಲ್ಲ ಅಂದ್ರೆ ತುಮಕೂರು ಆಫೀಸಿಗೋಗಿ ಎದ್ದು ನಿಂತ್ಕಂತೀನಿ. ಸರ್ಕಾರಿ ಪುಸ್ತಕದಾಗೆ ಸುಳ್ಳು ಸಾವು ಬರ್ದೋರ ಕೆಲಸ ಏನಾಯ್ತದೋ, ನೀವೇ ಓದಿದೋರು.”

ಹಣ್ಣನ್ನು ನಾವು ಯಾರೂ ತಿನ್ನಲಿಲ್ಲ. ಅದು ಮೇಜಿನ ಮೇಲೇ ಕಪ್ಪಾಗುತ್ತಾ ಹೋಯಿತು.

ಸ್ಕೂಲು ಬಿಟ್ಟ ಮೇಲೆ ನಾನೇ ಭಟ್ಟಿಗೆ ಹೋದೆ. ಬಾಗಿಲಲ್ಲೇ ಝಳ ಮುಖಕ್ಕೆ ಹೊಡೆಯಿತು. ಐದಾರು ಹೆಂಗಸರು ಒಲೆ ಸುತ್ತ. ಬಾಣಲೆಯ ಮರಳಲ್ಲಿ ಅಕ್ಕಿ ಚಟಪಟ ಅರಳಿ, ಜರಡಿಯಲ್ಲಿ ಮರಳು ಕೆಳಗಿಳಿದು ಪುರಿ ಮೇಲುಳಿಯುತ್ತಿತ್ತು. ತಾಯಿ ಎದ್ದು ಹೊರಗೆ ಬಂದರು. ನಾನು ನಡೆದದ್ದು ಹೇಳುವ ಮೊದಲೇ, “ಬಂದಿದ್ರಾ?” ಅಂದರು.

“ಕುಣಿಗಲ್ಲಲ್ಲಿ ಓದಿಸ್ತಾರಂತೆ.”

“ಓದ್ಸೋದಾ?” ಆಕೆ ನಕ್ಕರು. ಆ ನಗು ನನಗೆ ಸೇರಲಿಲ್ಲ. “ಆ ಹೆಂಗ್ಸಿನ ತಮ್ಮನಿಗೆ ಮಾತು ಕೊಟ್ಟವ್ರೆ. ಅವ್ನ ಮೊದಲ್ನೇ ಹೆಂಡ್ತಿ ಸತ್ತು ಎರಡು ಮಕ್ಕಳವೆ. ಮಾಘದಲ್ಲಿ ಲಗ್ನ ಅಂತೆ. ನನ್ ಮಗೀಗೆ ಹದಿನೈದು. ಎಳ್ಕಂಡ್ ಹೋದ್ರೆ ನಾನು ಬೀದೀಲಿ ಬಾಯ್ ಬಡ್ಕಂತೀನಿ, ಜನ ಸೇರ್ತಾರೆ. ಟಿ.ಸಿ. ತಗಂಡು ಹೋದ್ರೆ? ‘ಅಪ್ಪ ಅಲ್ಲಿ ಓದುಸ್ತಾನೆ ಬುಡು’ ಅಂತಾರೆ. ಯಾರೂ ಕೇಳಕ್ಕಿಲ್ಲ.”

ಟಿ.ಸಿ. ಎಂಬ ಕಾಗದ ಇಷ್ಟು ಕೆಲಸ ಮಾಡಬಲ್ಲದೆಂದು ಅದನ್ನು ನೂರಾರು ಬರೆದಿದ್ದ ನನಗೆ ಗೊತ್ತಿರಲಿಲ್ಲ.

“ಊರಲ್ಲಿ ನೀವು ಏನು ಹೇಳಿದೀರಿ?” ಅಂದೆ.

“ಕುಣಿಗಲ್ಲಲ್ಲಿ ಕುದುರೆ ನೋಡ್ಕಳೋ ಕೆಲಸ, ರಜಾ ಸಿಕ್ಕಲ್ಲ ಅಂತ.”

ಮಗಳು ಜರಡಿಯ ಪಕ್ಕ ಪುಸ್ತಕ ಇಟ್ಟುಕೊಂಡು ಕೂತಿದ್ದವಳು ತಲೆಯೆತ್ತಿದಳು. ಮೂರು ವರ್ಷದಲ್ಲಿ ಅವಳು ನನ್ನೊಂದಿಗೆ ಆಡಿದ ಅತಿ ಉದ್ದದ ಮಾತು ಅದೇ. “ಸ್ಕೂಲಲ್ಲಿ ಸತ್ತೋಗವ್ರೆ, ಬೀದೀಲಿ ಕುದುರೆ ನೋಡ್ಕಂತವ್ರೆ, ಮನೇಲಿ ಓಡೋಗವ್ರೆ. ಎಲ್ಲಿ ಏನ್ ಹೇಳ್ಬೇಕು ಅಂತ ದಿನಾ ದಾರೀಲಿ ಜ್ಞಾಪಕ ಮಾಡ್ಕಂಡು ಬರ್ತೀನಿ ಸಾರ್.”

ಸಮೀಕರಣ ತಪ್ಪಿದ ಹುಡುಗರಿಗೆ ನಾನು ಬೆಂಚಿನ ಮೇಲೆ ನಿಲ್ಲಿ ಅನ್ನುತ್ತಿದ್ದೆ. ಅಂದು ಭಟ್ಟಿಯ ಮುಂದೆ ಬೆಂಚಿರಲಿಲ್ಲ.

ಶನಿವಾರ ಅರ್ಧ ದಿನ. ಬಸ್ಸು ಹತ್ತಿ ತುಮಕೂರಿಗೆ ಹೋದೆ. ಶಿರಾ ಗೇಟಿನ ಹತ್ತಿರ, ಸೈಕಲ್ ಅಂಗಡಿಯ ಹಿಂದಿನ ವಠಾರದಲ್ಲಿ ನಮ್ಮ ಇಲಾಖೆಯ ಜಿಲ್ಲಾ ಆಫೀಸಿನಿಂದ ನಿವೃತ್ತರಾದ ಮ್ಯಾನೇಜರೊಬ್ಬರಿದ್ದರು. ನಿಯಮಾವಳಿಯನ್ನು ಬಾಯಿಪಾಠ ಮಾಡಿದ ಮನುಷ್ಯ. ಹೆಂಡತಿ ಕಾಫಿ ತಂದರೆ ಸ್ವೀಕೃತಿ ಕೊಡುತ್ತಾರೆಂದು ಪ್ರತೀತಿ. ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿದರು.

“ಮೂರು ದಾರಿ ಇದೆಯಪ್ಪಾ. ಒಂದು, ಅವನು ಸತ್ತೇ ಇದಾನೆ ಅಂತ ವಾದ ಮಾಡು. ಅವನು ರೇಷನ್ ಕಾರ್ಡು, ವೋಟರ್ ಲಿಸ್ಟು ತರ್ತಾನೆ, ನೀನು ಮನೆಗೆ ಹೋಗ್ತೀಯ. ಎರಡು, ಟಿ.ಸಿ. ಕೊಡು. ನಿನ್ನ ಕೆಲಸ ಉಳಿಯುತ್ತೆ.”

“ಮೂರು?”

“ಗೆದ್ದಲು.” ಒಂದು ಕಣ್ಣು ತೆರೆದರು. “ನಮ್ಮ ಇಲಾಖೇಲಿ ಗೆದ್ದಲಿನಷ್ಟು ನಿಷ್ಠಾವಂತ ನೌಕರರು ಇನ್ನೊಬ್ಬರಿಲ್ಲ. ರಜಾ ಹಾಕಲ್ಲ. ರಿಜಿಸ್ಟರನ್ನ ಹಿಂದಿನ ಕೋಣೇಲಿ ಎರಡು ದಿನ ನೆಲದ ಮೇಲಿಡು. ಹಳೇ ಪುಸ್ತಕ ಇಲ್ಲ ಅಂದ್ರೆ ಯಾರು ಸತ್ತರು, ಯಾರು ಬದುಕಿದ್ರು?”

ಆಸೆ ಹುಟ್ಟಲಿಲ್ಲ ಅಂದರೆ ಅದು ಎರಡನೇ ಸುಳ್ಳಾದೀತು. ನಾನು ಆ ಕೋಣೆಯ ಮೂಲೆಯನ್ನೇ ಮನಸ್ಸಿನಲ್ಲಿ ಆರಿಸಿಬಿಟ್ಟಿದ್ದೆ. ಆದರೆ ಅದೇ ಪುಸ್ತಕದಲ್ಲಿ ಇನ್ನೂ ಸಾವಿರಾರು ಮಕ್ಕಳ ಹುಟ್ಟಿದ ತಾರೀಕುಗಳಿದ್ದವು.

“ತಿದ್ದಿದರೆ?” ಅಂದೆ. “ತಪ್ಪು ಬರೆದಿದ್ದೆ ಅಂತ ನಾನೇ ಒಪ್ಕೊಂಡು ಬದುಕಿಸಿದರೆ?”

“ಬದುಕಿಸಿದ ತಕ್ಷಣ ಅವನು ತಂದೆ. ಕಾನೂನಿಗೆ ತಂದೆಯೇ ಪೋಷಕ.” ಇನ್ನೊಂದು ಕಣ್ಣನ್ನೂ ತೆರೆದು, “ಆದರೆ ಟಿ.ಸಿ. ಅರ್ಜಿ ಮಗೂನ ಸೇರಿಸಿದೋರು ಕೊಡ್ಬೇಕು ಅಂತಿದೆ. ಸೇರಿಸಿದ್ದು ಯಾರು?”

“ತಾಯಿ. ಪೋಷಕರ ಕಾಲಂನಲ್ಲಿ ಅವರ ಹೆಸರೇ ಇದೆ. ಅವರದೇ ಸಹಿ.”

“ಹಾಗಾದ್ರೆ ಅವನು ಕೋರ್ಟಿಗೆ ಹೋಗ್ಬೇಕು. ಮೊದಲ ಹೆಂಡ್ತಿ ಕುಂಕುಮ ಇಟ್ಕೊಂಡು ಎದುರಿಗೆ ನಿಂತಿರುವಾಗ, ಎರಡನೇದಕ್ಕೆ ತಾಳಿ ಕಟ್ಟಿದೋನು ತಾನಾಗಿ ಕೋರ್ಟಿನ ಮೆಟ್ಟಿಲು ಹತ್ತುತಾನಾ, ನೋಡು. ಅವನ ಗುಟ್ಟು ನಿನ್ನ ಗುಟ್ಟಿಗಿಂತ ದೊಡ್ಡದು. ಆದರೆ ಅವನು ದೂರು ಕೊಡೋಕೆ ಮೊದಲು ನೀನೇ ನಿನ್ನ ಮೇಲೆ ರಿಪೋರ್ಟ್ ಕಳಿಸು. ಕೆಲಸ ಹೋದರೂ ಹೋಗಬಹುದು. ನಾನು ಹೇಳಿದೆ ಅಂತ ಮಾತ್ರ ಎಲ್ಲೂ ಬರೀಬೇಡ.”

ಈಗ ಬರೆಯುತ್ತಿದ್ದೇನೆ. ಅವರು ನಿಜವಾಗಿಯೇ ದಿವಂಗತರಾಗಿದ್ದಾರೆ. ಈ ಸಲ ವಿಚಾರಿಸಿಕೊಂಡೇ ಹೇಳುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ತಾಯಿಯನ್ನು ಸ್ಕೂಲಿಗೆ ಕರೆಸಿದೆ. ಷರಾ ಕಾಲಂನಲ್ಲಿ ಬರೆಯುವುದನ್ನು ಮೊದಲು ಒಂದು ಚೀಟಿಯಲ್ಲಿ ಬರೆದು ಓದಿ ಹೇಳಿದೆ: “ತಂದೆ ಜೀವಂತರಿದ್ದು ಕುಟುಂಬವನ್ನು ತೊರೆದಿದ್ದಾರೆ. ತಾಯಿಯೇ ಸಾಕುತ್ತಿದ್ದು, ತಾಯಿಯೇ ಪೋಷಕರು.”

“ಬೋರ್ಡಿಗೂ ಹಾಕ್ತೀರಾ?”

“ತಿದ್ದಿದ ಪಟ್ಟಿ ಹಾಕಲೇಬೇಕಮ್ಮಾ. ತಂದೆಯ ಜಾಗದಲ್ಲಿ ಅವರ ಹೆಸರು, ಪೋಷಕರು ಅಂತ ನಿಮ್ಮ ಹೆಸರು, ಪಕ್ಕದಲ್ಲಿ ಈ ಷರಾ. ಊರೆಲ್ಲ ಓದುತ್ತೆ.”

ಆಕೆ ಬಹಳ ಹೊತ್ತು ಸುಟ್ಟ ಕೈಗಳನ್ನು ನೋಡಿಕೊಂಡರು. ನನ್ನ ಹೆದರಿಕೆ ನನ್ನ ಕೆಲಸದ್ದು. ಆಕೆಯದು ನಾಳೆ ಬೆಳಿಗ್ಗೆ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಲ್ಲುವುದರದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಯೋಗ್ಯತೆ ನನಗಿರಲಿಲ್ಲ. ಆಕೆ ಬೇಡ ಅಂದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

“ಒಂಬತ್ತು ವರ್ಷ ಇಲ್ದಿರೋ ಕುದುರೆ ಮೇಯ್ಸಿದೀನಿ ಮೇಷ್ಟ್ರೆ,” ಅಂದರು. “ಸಾಕು. ಹಾಕಿ.”

ಕೆಂಪು ಶಾಯಿಯಲ್ಲಿ ಆ ‘ದಿ’ ಮತ್ತು ಎರಡು ಗೀಟುಗಳ ಮೇಲೆ ಒಂದೇ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿ ತಾರೀಕು ಹಾಕಿದೆ. ಅಳಿಸಬಾರದು, ಕೆರೆಯಬಾರದು, ಕೆಳಗಿನದು ಕಾಣುವಂತೆ ಹೊಡೆಯಬೇಕೆಂದು ನಿಯಮ. ಆದ್ದರಿಂದ ಅವರು ಸತ್ತದ್ದೂ ಕಾಣುತ್ತಿತ್ತು, ಎದ್ದದ್ದೂ ಕಾಣುತ್ತಿತ್ತು. ಆಮೇಲೆ ಮೇಲಧಿಕಾರಿಗಳಿಗೆ ಪತ್ರ: ನಾನು, ಈ ಕೆಳಗೆ ಸಹಿ ಮಾಡಿರುವವನು, ಎರಡೂವರೆ ವರ್ಷಗಳ ಹಿಂದೆ ಒಬ್ಬ ಜೀವಂತ ವ್ಯಕ್ತಿಯನ್ನು ಯಾವುದೇ ಆಧಾರವಿಲ್ಲದೆ ಮೃತನೆಂದು ದಾಖಲಿಸಿರುತ್ತೇನೆ. ಲಕೋಟೆ ಅಂಟಿಸುವಾಗ ನಾಲಿಗೆ ಒಣಗಿತ್ತು. ಜವಾನ ಅನ್ನದಗುಳು ತಂದುಕೊಟ್ಟ.

ಸೋಮವಾರ ಹನ್ನೊಂದಕ್ಕೆ ಬಂದರು. ಈ ಸಲ ಮೂವರು. ಜೊತೆಯವರಲ್ಲಿ ಒಬ್ಬರು ವಯಸ್ಸಾದ ಯಜಮಾನರು, ಕುಣಿಗಲ್ ಮನೆಯ ಹಿರಿಯರಿರಬೇಕು. ಇನ್ನೊಬ್ಬ ಮೂವತ್ತೈದರ ಆಸುಪಾಸಿನವನು. ಹೊಸ ಚಪ್ಪಲಿ, ಎಣ್ಣೆ ಹಚ್ಚಿ ಬಾಚಿದ ತಲೆ, ಕ್ಲಾಸು ಕೋಣೆಗಳ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತಾ ಬಂದ. ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಹತ್ತನೇ ಕ್ಲಾಸಿನ ಬಾಗಿಲಲ್ಲಿ ಜವಾನ ಸ್ಟೂಲು ಹಾಕಿಕೊಂಡು ಕೂತಿದ್ದ, ಕೊಡತಿ ತೊಡೆಯ ಮೇಲೆ.

ದಿವಂಗತರು ಮೊದಲು ಬೋರ್ಡಿಗೆ ಹೋದರು. ಓದಿದರು. ಅಡಿಕೆ ಕಡಿದರು. ಒಳಗೆ ಬಂದರು.

“ಬದುಕ್ಸಿದಿರಾ ಮೇಷ್ಟ್ರೆ?”

“ಹೌದು. ಆಫೀಸಿಗೂ ತಿಳಿಸಿದೀನಿ. ಇವತ್ತಿನ ಟಪಾಲಲ್ಲಿ ಹೋಯ್ತು.”

ಅವರ ಕಣ್ಣು ಒಂದು ಸಲ ಕಿರಿದಾಯಿತು, ಅಷ್ಟೇ. “ಒಳ್ಳೇದಾಯ್ತು. ಹಂಗಾರೆ ತಂದೆ ನಾನೇ. ಟಿ.ಸಿ. ಕೊಡಿ.”

“ಸೇರಿಸಿದೋರು ಅರ್ಜಿ ಕೊಟ್ರೆ ಕೊಡ್ತೀನಿ. ಸೇರಿಸಿದೋರು ಅವರ ತಾಯಿ.”

“ನಾನು ಹೆತ್ತಪ್ಪ ಕಣ್ರೀ!” ಯಜಮಾನರ ಕಡೆ ತಿರುಗಿ, “ನೋಡಿದ್ರಾ ಗೌಡ್ರೆ, ಹೆಂಗಸಿನ ಸಹಿಗೆ ಬೆಲೆ ಅಂತೆ, ಗಂಡಸು ಬಂದು ನಿಂತ್ರೆ ಇಲ್ಲವಂತೆ.”

“ಕೋರ್ಟಿನಿಂದ ಆರ್ಡರ್ ತನ್ನಿ, ನಾನೇ ಬರೆದುಕೊಡ್ತೀನಿ,” ಅಂದೆ. ರಿಜಿಸ್ಟರನ್ನು ನನ್ನ ಕಡೆಗೆ ಎಳೆದುಕೊಂಡೆ. “ಈಗ ಯಾವೂರಲ್ಲಿ, ಯಾರ ಜೊತೆ ಸಂಸಾರ ಅಂತ ಅಲ್ಲಿ ಕೇಳ್ತಾರೆ. ಅದನ್ನ ನೀವೇ ಹೇಳಬೇಕಾಗುತ್ತೆ.”

ಯಜಮಾನರು ನಿಧಾನವಾಗಿ ತಲೆಯೆತ್ತಿದರು. ದಿವಂಗತರಿಗೆ ಇಲ್ಲೊಂದು ಸಂಸಾರ ಇನ್ನೂ ಕುಂಕುಮ ಇಟ್ಟುಕೊಂಡಿದೆ ಎಂಬ ವಿಷಯ ಅವರಿಗೆ ಹೊಸದಿರಬೇಕು. “ಏನಯ್ಯಾ, ಅವ್ಳು ಸತ್ತೋದ್ಲು ಅಂದಿದ್ದೆ?” ಅಂದರು.

ಕುಣಿಗಲ್ಲಲ್ಲಿಯೂ ಒಬ್ಬರು, ನಿಬ್ಬಿಲ್ಲದೆ, ಅದೇ ಉಪಾಯ ಮಾಡಿದ್ದರು.

ಹೊಸ ಚಪ್ಪಲಿಯವನು ಹೊರಗೆ ಹೋಗಿ ನಿಂತ. ದಿವಂಗತರು ಬಾಗಿಲವರೆಗೆ ಹೋಗಿ ತಿರುಗಿದರು, ಮುಖದಲ್ಲಿ ಮೊದಲಿನ ಅದೇ ಸೌಜನ್ಯ. “ಪರೀಕ್ಷೆ ಯಾವತ್ತಿಂದ ಮೇಷ್ಟ್ರೆ?”

“ಬೋರ್ಡಿಗೆ ಹಾಕ್ತೀವಿ,” ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಬೋರ್ಡನ್ನು ಅವರಷ್ಟು ಶ್ರದ್ಧೆಯಿಂದ ಓದುವವರು ಇನ್ನೊಬ್ಬರಿರಲಿಲ್ಲ.

ಮಾಘ ಬಂತು, ಹೋಯಿತು. ನಲ್ಲಿಯ ಹತ್ತಿರ ಏನಾಯಿತೆಂದು ತಾಯಿ ಎಂದೂ ಹೇಳಲಿಲ್ಲ. ಸ್ವಲ್ಪ ದಿನ ಅವರ ಬಿಂದಿಗೆಯನ್ನು ಸಾಲಿನಲ್ಲಿ ಹಿಂದಕ್ಕೆ ತಳ್ಳುತ್ತಿದ್ದರಂತೆ, ಜವಾನನ ಹೆಂಡತಿಯ ವರದಿ. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು, “ಇಂಥ ಷರಾ ಎಲ್ಲ ಬರೆದರೆ ನಾಳೆ ಒಳ್ಳೆ ಮನೆತನದೋರು ಇಲ್ಲಿ ಮಕ್ಕಳನ್ನ ಸೇರಿಸ್ತಾರೇನ್ರೀ?” ಅಂದರು. ಒಂದು ವರ್ಷದ ಹಿಂದೆ ಆ ಮಾತನ್ನು ನಾನೇ ಆಡುತ್ತಿದ್ದೆ.

ಪರೀಕ್ಷೆಯ ಮೊದಲ ದಿನ ಬೆಳಿಗ್ಗೆ ಕೇಂದ್ರದ ಎದುರಿನ ಹೊಂಗೆ ಮರದ ಕೆಳಗೆ ಛತ್ರಿ ಕಂಡಿತು. ನೆರಳಿನಲ್ಲೂ ಬಿಚ್ಚಿ ಹಿಡಿದಿದ್ದರು. ಹುಡುಗಿ ಒಬ್ಬಳೇ ಬರಲಿಲ್ಲ. ಭಟ್ಟಿಯ ಆರು ಹೆಂಗಸರು ಸುತ್ತ ನಡೆದು ಬಂದರು, ಕೆಲಸಕ್ಕೆ ಹೋಗುವ ಸೀರೆಯಲ್ಲೇ, ಇಬ್ಬರ ಕೈಲಿ ಮರಳು ತಿರುವುವ ಕಬ್ಬಿಣದ ಉದ್ದ ಸಟ್ಟುಗ. ಯಾರೂ ಮರದ ಕಡೆ ನೋಡಲಿಲ್ಲ. ಗೇಟಿನವರೆಗೆ ಬಿಟ್ಟು ಹಾಗೇ ಹೋದರು, ಗಂಟೆ ಹೊಡೆಯುವ ಹೊತ್ತಿಗೆ ಮತ್ತೆ ಬಂದರು. ಎರಡನೇ ದಿನವೂ ಛತ್ರಿ. ಮೂರನೇ ದಿನವೂ.

ನಾಲ್ಕನೇ ದಿನ ಮರದ ಕೆಳಗೆ ಯಾರೂ ಇರಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಹೆದರಿದ್ದು ಅದೊಂದೇ ದಿನ. ಕಾಂಪೌಂಡನ್ನು ಮೂರು ಸುತ್ತು ಹೊಡೆದೆ. ಹಿಂದಿನ ಗೇಟು, ಬಸ್ ಸ್ಟಾಂಡು, ಸ್ಟೇಷನ್ ರಸ್ತೆ. ಕಣ್ಣಿಗೆ ಕಾಣುವಷ್ಟು ದಿನ ಅವರು ಎಲ್ಲಿದ್ದಾರೆಂದು ಗೊತ್ತಿತ್ತು. ಅಂದು ಗಣಿತದ ಪತ್ರಿಕೆ. ಹುಡುಗಿ ಹೊರಗೆ ಬಂದು, “ಒಂದು ಪ್ರಮೇಯ ಅರ್ಧ ಬಿಟ್ಟೋಯ್ತು ಸಾರ್,” ಅಂದಳು. ನಾನು ಕುಣಿಯುವುದೊಂದು ಬಾಕಿ.

ಅವರು ಮತ್ತೆ ಬರಲಿಲ್ಲ. ಹುಡುಗಿ ಪಾಸಾದಳು, ತುಮಕೂರಿನಲ್ಲಿ ಟೀಚರ್ ಟ್ರೈನಿಂಗಿಗೆ ಸೇರಿದಳು. ಆ ಟಿ.ಸಿ.ಯ ಅರ್ಜಿಗೆ ತಾಯಿಯೇ ಸಹಿ ಮಾಡಿದರು. ಅರ್ಧ ಪುಟ ಹಿಡಿಯುವಷ್ಟು ದೊಡ್ಡ ಸಹಿ.

ನನ್ನ ಮೇಲಿನ ವಿಚಾರಣೆಗೆ ಅಧಿಕಾರಿಯೊಬ್ಬರು ಬಂದರು. “ಯಾವ ಆಧಾರದ ಮೇಲೆ ಮರಣ ದಾಖಲಿಸಿದಿರಿ?” ಎಂಬ ಪ್ರಶ್ನೆಗೆ “ಅನುಕೂಲದ ಆಧಾರದ ಮೇಲೆ” ಎಂದು ಬರೆದುಕೊಟ್ಟೆ. ಸೇವಾ ಪುಸ್ತಕದಲ್ಲಿ ವಾಗ್ದಂಡನೆ ನಮೂದಾಯಿತು. ಅವರು ಷರಾವನ್ನು ಎರಡು ಸಲ ಓದಿ, “ಈ ವಾಕ್ಯ ಯಾವ ಸುತ್ತೋಲೆಯಲ್ಲಿದೆ?” ಎಂದರು. ಯಾವುದರಲ್ಲೂ ಇಲ್ಲ ಅಂದೆ. ಹೊಡೆದು ಹಾಕಲು ಪೆನ್ನು ಎತ್ತಿದವರು, ಯಾಕೋ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು.

ಎಂಬತ್ತರ ದಶಕದ ನಡುವೆ ನನಗೆ ಕುಣಿಗಲ್ ಕಡೆಗೆ ವರ್ಗವಾಯಿತು, ಈಗ ಪೂರ್ತಿ ಹೆಡ್‌ಮಾಸ್ಟರ್. ಜೂನ್ ತಿಂಗಳ ದಾಖಲಾತಿ. ಅಭ್ಯಾಸಬಲದಿಂದ ರಿಜಿಸ್ಟರು ನಾನೇ ಬರೆಯುತ್ತಿದ್ದೆ. ಸಾಲಿನಲ್ಲಿ ಒಬ್ಬಾಕೆ ಮಗಳ ಕೈ ಹಿಡಿದು ಬಂದರು. ತಂದೆಯ ಹೆಸರು ಕೇಳಿದೆ. ಹೇಳಿದರು.

ನಿಬ್ಬು ನಿಂತಿತು. ಅದೇ ಹೆಸರು, ಅದೇ ಇನಿಷಿಯಲ್, ಕಾರ್ಡಿನ ಮೇಲಿದ್ದ ಅದೇ ಊರು.

“ಅರ್ಜಿಗೆ ಅವರ ಸಹಿ?”

“ಬಿಟ್ಟೋಗಿ ಮೂರು ವರ್ಷ ಆಯ್ತು ಸಾರ್. ಈಗ ತಿಪಟೂರು ಕಡೆ ಅವ್ರಂತೆ.” ದನಿ ಇಳಿಸಲಿಲ್ಲ; ಬಸ್ಸು ತಪ್ಪಿತು ಅನ್ನುವಷ್ಟೇ ಸಲೀಸು. ಹಿಂದೆ ನಿಂತಿದ್ದ ಇನ್ನೊಬ್ಬಾಕೆ, “ನಮ್ಮಕ್ಕಂದೂ ಇದೇ ಕಥೆ ಕಣವ್ವ,” ಅಂದರು. ಸಾಲಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ಹತ್ತು ವರ್ಷದಲ್ಲಿ ನಾನು ಕಂಡ ಬದಲಾವಣೆ ಇಷ್ಟು: ಆ ಮಾತಿಗೆ ಜವಾನನೂ ಕಿವಿ ಕೊಡಲಿಲ್ಲ.

“ಪುಸ್ತಕಕ್ಕೆ ತೊಂದ್ರೆ ಆಗಂಗಿದ್ರೆ ಸತ್ತೋದ್ರು ಅಂತಲೇ ಬರ್ಕಳಿ ಸಾರ್,” ಅಂದರು ಆಕೆ. “ನಂಗೇನ್ ಬೇಜಾರಿಲ್ಲ.”

“ಬೇಡಮ್ಮಾ,” ಅಂದೆ. “ಅವರನ್ನ ಒಂದು ಸಲ ಸಾಯಿಸಿ ನೋಡಿದೀನಿ.”

ಆಕೆಗೆ ಅರ್ಥವಾಗಲಿಲ್ಲ. ಆಕೆಯ ಹೆಸರು ಕೇಳಿ ಪೋಷಕರ ಕಾಲಂನಲ್ಲಿ ಬರೆದೆ. ಷರಾದಲ್ಲಿ ಆ ಹಳೆಯ ವಾಕ್ಯ ಬರೆದೆ, ಬಾಯಿಪಾಠವಾಗಿತ್ತು. ಹುಟ್ಟಿದ ತಾರೀಕಿಗೆ ಬಂದಾಗ ಲೆಕ್ಕ ತಾನಾಗಿ ಆಯಿತು. ಹುಡುಗಿಗೆ ಹದಿಮೂರು. ಇನ್ನೆರಡು ವರ್ಷಕ್ಕೆ ಹದಿನೈದು.

ಮಧ್ಯಾಹ್ನ ಜವಾನನನ್ನು ಕರೆದು, ವರಾಂಡದಲ್ಲಿದ್ದ ನೋಟೀಸ್ ಬೋರ್ಡನ್ನು ಬಿಚ್ಚಿಸಿ, ಆಫೀಸು ಕೋಣೆಯ ಒಳಗೆ ನನ್ನ ಕುರ್ಚಿಗೆ ಎದುರಾಗಿ ಮೊಳೆ ಹೊಡೆಸಿದೆ. ಓದಲು ಬರುವವರು ಇನ್ನು ನನ್ನ ಕಣ್ಣ ಮುಂದೆ ನಿಂತು ಓದಲಿ.